ಬಳಿ ಬಲ್ಲವರು

ನನ್ನ ಮದುವೆ ತಪ್ಪಿಸಿದವರ ಪ್ರೆಸ್ಸಿನಲ್ಲಿ ನಾನು ಹದಿನಾರು ವರ್ಷ ಕೆಲಸ ಮಾಡಿದೆ. ಹೋದ ತಿಂಗಳು ಅವರು ತೀರಿಕೊಂಡರು. ಅವರ ಉತ್ತರಕ್ರಿಯೆಯ ಕಾಗದವನ್ನು ಟೈಪ್ ಮಾಡಿದ್ದೂ ನಾನೇ. ಟೈಪ್ ಮಾಡುವಾಗ ಕಣ್ಣೀರು ಬರಲಿಲ್ಲ. ಮುದ್ರಣವಾಗಿ ಕಟ್ಟು ಕಟ್ಟುವಾಗ ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮದುವೆ ಕಾಗದದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಇರುತ್ತದಲ್ಲ, ತಮ್ಮ ಹೆಸರಿನಲ್ಲೇ ಇದ್ದ ಆ ಸಾಲನ್ನು ಕೂಡ ಅವರು ತೆಗೆಸಿಬಿಟ್ಟಿದ್ದರು. ತಾವೇ ತೆಗೆಸಿದ ಹೆಸರನ್ನು ನಾನು ಮತ್ತೆ ಹಚ್ಚುವುದು ಸರಿಯಲ್ಲ. ಊರಿನವರಿಗೆ ಅವರು 'ಪ್ರೆಸ್ಸಿನವ್ರ್'. ನನಗೂ ಅಷ್ಟೇ.

ಕುಂದಾಪುರದ ಪೇಟೆಯಲ್ಲಿ, ಮೀನು ಮಾರ್ಕೆಟ್ಟಿಗೆ ಹೋಗುವ ಓಣಿಯ ಬಾಯಿಯಲ್ಲಿ ಒಂದು ಕೋಣೆಯ ಅಂಗಡಿ ಅದು. ಮೂಲೆಯಲ್ಲಿ ಕಾಲಿನಿಂದ ತುಳಿದು ಅಚ್ಚು ಹಾಕುವ ಹಳೆಯ ಯಂತ್ರ, ಅದರ ಮೇಲೆ ಗೋಣಿ. ಬಾಗಿಲ ಬಳಿ ಒಂದು ಬೆಂಚು. ಬೆಂಚಿನ ಮೇಲೆ ಕೂರುವವರಲ್ಲಿ ಎರಡೇ ಜಾತಿ, ಮದುವೆ ಕಾಗದಕ್ಕೆ ಬಂದವರು ಮತ್ತು ಸಾವಿನ ಕಾಗದಕ್ಕೆ ಬಂದವರು. ಅಂಗಡಿ ತೆರೆಯುವವರ, ಬಸ್ಸು ಕೊಂಡವರ ಕೆಲಸವೂ ಬರುತ್ತಿತ್ತು. ಅವರಿಗೆ ಪ್ರೆಸ್ಸಿನವರು ನಿಂತೇ ಉತ್ತರ ಕೊಟ್ಟು ಕಳಿಸುತ್ತಿದ್ದರು. ಮದುವೆಗೆ, ಸಾವಿಗೆ ಬಂದವರ ಎದುರು ಮಾತ್ರ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು.

ತೆಳ್ಳಗೆ ಉದ್ದಕ್ಕಿದ್ದರು. ಅರ್ಧ ತೋಳಿನ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು. ಪ್ರೂಫ್ ಓದುವಾಗ ಪ್ರತಿ ಹೆಸರಿನ ಅಡಿಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವರು. ಗಂಡಸರ ಹೆಸರನ್ನು ಮನಸ್ಸಿನಲ್ಲೇ ಓದಿ ದಾಟುವರು. ಹೆಂಗಸರ ಹೆಸರು ಬಂದಾಗ ಮಾತ್ರ ಗಟ್ಟಿಯಾಗಿ ಹೇಳುವರು. ಮೊದಲು ಇದೇನು ಚಾಳಿ ಎಂದುಕೊಂಡಿದ್ದೆ. ಅವರೇ ಒಂದು ದಿನ ಹೇಳಿದರು, "ಗಂಡಿನ ಹೆಸ್ರ್ ತಪ್ಪಿರೆ ಅವ್ನೇ ಬಂದ್ ಜಗಳ ಮಾಡ್ತ. ಹೆಂಗ್ಸಿನ್ ಹೆಸ್ರ್ ತಪ್ಪಿರೆ ಕೇಂಬುಕ್ ಯಾರೂ ಬತ್ತಿಲ್ಲ."

ನಮ್ಮ ಕಡಲ ಬದಿಯ ಜನರಲ್ಲಿ ಬಳಿ ಎಂದೊಂದಿದೆ. ತಿಳಿಯದವರಿಗಾಗಿ ಹೇಳುತ್ತೇನೆ. ಅದು ಕುಲದ ಹೆಸರು, ಆದರೆ ಬರುವುದು ತಾಯಿಯಿಂದ. ಅಪ್ಪ ಯಾವ ಬಳಿಯವನೇ ಆಗಲಿ, ಮಕ್ಕಳು ತಾಯಿಯ ಬಳಿ. ತಾಯಿಗೆ ಅವಳ ತಾಯಿಯದು, ಅವಳಿಗೆ ಇನ್ನೊಬ್ಬಳದು. ಹೀಗೆ ಹಿಂದೆ ಹೋದರೆ ಎಲ್ಲೋ ಒಬ್ಬಳು ಹೆಂಗಸು ಇದ್ದಾಳೆ, ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಒಂದೇ ಬಳಿಯ ಗಂಡು ಹೆಣ್ಣು ಎಂದರೆ ಅಣ್ಣ ತಂಗಿ. ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಅಣ್ಣ ತಂಗಿ. ಅವರೊಳಗೆ ಮದುವೆ ಇಲ್ಲ.

ಊರಿನಲ್ಲಿ ಇದ್ದಷ್ಟು ಕಾಲ ಇದನ್ನು ಯಾರೂ ಹೆಸರಿಗೆ ಅಂಟಿಸಿಕೊಂಡಿರಲಿಲ್ಲ. ಇಂಥವಳ ಮಗ, ಇಂಥ ಮನೆಯವ ಎಂದರೆ ಮುಗಿಯಿತು. ಜನ ಮುಂಬೈಗೆ ಹೋದ ಮೇಲೆ ತೊಡಕು ಶುರುವಾಯಿತು. ಪ್ರೆಸ್ಸಿನವರು ಸಣ್ಣ ಪ್ರಾಯದಲ್ಲಿ ಅಲ್ಲಿಯ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವರು. ಕೆಲಸಕ್ಕೆ ಸೇರಿದ ದಿನದ ಕತೆಯನ್ನು ನಾನು ಹತ್ತಾರು ಸಲ ಕೇಳಿದ್ದೇನೆ.

"ಮೇಜಿನ ಆಚಿ ಕೂತವ್ನ್ 'ಆಡ್‌ನಾಂವ್ ಕಾಯ್' ಅಂದ. ನಂಗೆಂತ ಗೊತ್ತ್? ಹೆಸ್ರ್ ಹೇಳ್ದೆ. ಅದಲ್ಲ, ಮತ್ತೊಂದ್ ಅಂದ. ಅಪ್ಪಯ್ಯನ ಹೆಸ್ರ್ ಹೇಳ್ದೆ. ಅದೂ ಅಲ್ಲ, ಮನೆತನದ್ದ್ ಅಂದ. ನಮ್ಗೆ ಮನೆತನ ಅಂದ್ರೆ ಅಬ್ಬಿ ಕಡಿದ್ ಅಲ್ದಾ? ಅಬ್ಬಿ ಬಳಿ ಹೇಳ್ದೆ. ಬರ್ಕಂಡ. ಹಾಂಗೆ ಸರ್ನೇಮ್ ಹುಟ್ದ್. ಹೆಸ್ರ್ ಮನೆಯವ್ರ್ ಇಡುದ್, ಸರ್ನೇಮ್ ಗುಮಾಸ್ತ ಇಡುದ್."

ಅಬ್ಬಿ ಎಂದರೆ ತಾಯಿ. ಅವರಂತೆಯೇ ನೂರಾರು ಜನ ತಾಯಿಯ ಬಳಿಯನ್ನು ಸರ್ನೇಮ್ ಮಾಡಿಕೊಂಡರು. ಕುಂದರ್, ಕಾಂಚನ್, ಮೆಂಡನ್, ತಿಂಗಳಾಯ. ತಪ್ಪೇನಿಲ್ಲ. ಆದರೆ ಅವರಿಗೆ ಮಕ್ಕಳಾದಾಗ ಮುಂಬೈಯ ಶಾಲೆಯವರು ಮಕ್ಕಳಿಗೆ ಅಪ್ಪನ ಸರ್ನೇಮ್ ಬರೆದರು. ಅಲ್ಲಿಗೆ ಹಗ್ಗ ಹರಿಯಿತು. ಹೆಸರಿನ ತುದಿಯಲ್ಲಿ ಅಪ್ಪನ ಬಳಿ, ನಿಜವಾದ ಬಳಿ ತಾಯಿಯದು. ಬರೆದದ್ದು ಒಂದು, ಇರುವುದು ಇನ್ನೊಂದು.

ಇದನ್ನೆಲ್ಲ ಅವರಷ್ಟು ಚೆನ್ನಾಗಿ ಬಲ್ಲವರು ನಮ್ಮ ಕಡೆ ಇರಲಿಲ್ಲ. ಮದುವೆ ಕಾಗದ ನೋಡಿಯೇ ಎರಡೂ ಕಡೆಯ ಮೂರು ತಲೆಮಾರು ಹೇಳುತ್ತಿದ್ದರು. ಸಂಬಂಧ ನೋಡುವವರು ಜಾತಕಕ್ಕೆ ಜೋಯಿಸರಲ್ಲಿಗೆ ಹೋದರೆ ಬಳಿಗೆ ಇವರಲ್ಲಿಗೆ ಬರುತ್ತಿದ್ದರು. ಆ ಹೆಮ್ಮೆ ಅವರಿಗೆ ಇತ್ತು. ಇರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ.

ಈಗ ನನ್ನ ವಿಷಯ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ನಮ್ಮ ಮನೆಯದು ತಿಂಗಳಾಯ ಬಳಿ. ಮುಂಬೈಯ ಗಂಡು, ಬಂದರಿನ ಕಚೇರಿಯಲ್ಲಿ ಕೆಲಸ. ಕುಂಭಾಶಿಯಲ್ಲಿ ಗಣಪತಿಯ ಎದುರು ಹೆಣ್ಣು ನೋಡುವ ಶಾಸ್ತ್ರ ಆಯಿತು. ಆಮೇಲೆ ಮೂರು ತಿಂಗಳು ಫೋನಿನಲ್ಲಿ ಮಾತಾಡಿದೆವು. ಅವರು ಮಾತಾಡುವುದು ಕಡಿಮೆ, ನಾನು ಹೇಳಿದ್ದಕ್ಕೆಲ್ಲ ನಗುತ್ತಿದ್ದರು. ನನಗೆ ಅವರು ಹಿಡಿಸಿದ್ದರು. ಈ ಪ್ರಾಯದಲ್ಲಿ ಅದನ್ನು ಹೇಳಲು ನಾಚಿಕೆ ಎಂತಕ್ಕೆ?

ಕಾಗದ ಮಾಡಿಸಲು ನನ್ನ ಸೋದರಮಾವ ಈ ಪ್ರೆಸ್ಸಿಗೇ ಬಂದರು. ಗಂಡಿನ ಸರ್ನೇಮ್ ನೋಡಿ ಪ್ರೆಸ್ಸಿನವರು ಏನೂ ಅನ್ನಲಿಲ್ಲ, ಅದು ಅಪ್ಪನದ್ದು ಎಂದು ಅವರಿಗೆ ಗೊತ್ತು. ಅವರ ಬೆರಳು ನಿಂತದ್ದು ಗಂಡಿನ ಸೋದರಮಾವನ ಹೆಸರಿನಲ್ಲಿ. ಅದರ ತುದಿಯಲ್ಲಿ ತಿಂಗಳಾಯ ಎಂದಿತ್ತು. ಸೋದರಮಾವ ಎಂದರೆ ತಾಯಿಯ ಅಣ್ಣ. ತಾಯಿಯ ಬಳಿ, ಮಾವನ ಬಳಿ, ಗಂಡಿನ ಬಳಿ ಮೂರೂ ಒಂದೇ. ಹಾಗಾದರೆ ಗಂಡು ತಿಂಗಳಾಯ, ನಾನೂ ತಿಂಗಳಾಯ.

ನನ್ನ ಮಾವನನ್ನು ಓಣಿಗೆ ಕರೆದುಕೊಂಡು ಹೋಗಿ ಹೇಳಿದರಂತೆ. "ಕಾಗ್ದ ಅಚ್ಚ್ ಹಾಕ್ಬೇಡಿ. ಅಣ್ಣ ತಂಗಿ ಆತ್ರ್."

ಮಾವ ಅಲ್ಲಿಂದಲೇ ಮುಂಬೈಗೆ ಫೋನ್ ಮಾಡಿದರು. ಬಳಿ ಕೇಳಿದಾಗ ಕುಂದರ್ ಎಂದು ಹೇಳಿದ್ದಿರಲ್ಲ, ಬಳಿ ಮುಚ್ಚಿಟ್ಟು ಮದುವೆ ಮಾಡುತ್ತೀರಾ ಎಂದು ಏರು ದನಿಯಲ್ಲಿ ಕೇಳಿದರು. ಆಚೆಯವರು, ನಮ್ಮ ತಾಯಿಯ ಹುಟ್ಟನ್ನೇ ಸಂಶಯಪಡುವ ಮನೆಯ ಹೆಣ್ಣು ನಮಗೆ ಬೇಡ ಎಂದರು. ಹತ್ತು ನಿಮಿಷದ ಫೋನು. ನಾನು ಆ ಹೊತ್ತಿಗೆ ಸೀರೆಯ ಅಂಗಡಿಯಲ್ಲಿದ್ದೆ.

ತಪ್ಪಾಗಿದೆ ಎಂದು ಗೊತ್ತಾದದ್ದು ತಿಂಗಳೊಂದಾದ ಮೇಲೆ. ಯಡ್ತರೆಯಿಂದ ಒಬ್ಬಳು ಮುದುಕಿ ಅಕ್ಕನ ಸಾವಿನ ಕಾಗದ ಮಾಡಿಸಲು ಬಂದಳು. ಆ ಅಕ್ಕನೇ ನನಗೆ ನೋಡಿದ ಗಂಡಿನ ತಾಯಿಯ ತಾಯಿ. ಕಾಗದ ಬರೆಯುತ್ತ ಪ್ರೆಸ್ಸಿನವರು ಬಳಿ ಕೇಳಿದರು. ಮುದುಕಿ ಕುಂದರ್ ಎಂದಳು. ಹಾಗಾದರೆ ಗಂಡೂ ಕುಂದರ್, ತಿಂಗಳಾಯ ಅಲ್ಲ. ಗಂಡಿನ ಸೋದರಮಾವನೂ ಮುಂಬೈಯಲ್ಲೇ ಹುಟ್ಟಿದವನು, ಅವನ ಹೆಸರಿನ ತುದಿಯಲ್ಲೂ ಇದ್ದದ್ದು ಅಪ್ಪನ ಬಳಿಯೇ. ಗಂಡಿನ ಸರ್ನೇಮಿನ ವಿಷಯದಲ್ಲಿ ಜಾಗ್ರತೆ ಮಾಡಿದ ಪ್ರೆಸ್ಸಿನವರು ಮಾವನ ವಿಷಯದಲ್ಲಿ ಎಡವಿದ್ದರು. ಊರಿಗೆಲ್ಲ ಹೇಳಿಕೊಡುತ್ತಿದ್ದ ಪಾಠವನ್ನು ತಾವೇ ಮರೆತಿದ್ದರು. ಅಷ್ಟರಲ್ಲಿ ಮುಂಬೈಯ ಗಂಡಿಗೆ ಬೇರೆ ನಿಶ್ಚಯ ಆಗಿತ್ತು.

ಪ್ರೆಸ್ಸಿನವರು ನಮ್ಮ ಮನೆಗೆ ಬಂದದ್ದು ಮರುದಿನ ಮಧ್ಯಾಹ್ನ. ಅಪ್ಪಯ್ಯ ಬಂದರಿಗೆ ಹೋಗಿದ್ದರು. ಅಬ್ಬಿ ಅಂಗಳದಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದಳು. ಅವರು ಅಂಗಳದ ತುದಿಯಲ್ಲೇ ನಿಂತು, "ತಪ್ಪ್ ನಂದ್. ಬಳಿ ಬೇರೆಯೇ" ಎಂದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದರು.

ಅಬ್ಬಿ ಕೇಳುವಷ್ಟು ಕೇಳಿದಳು. ಆಮೇಲೆ ಮೀನು ತೊಳೆದ ನೀರನ್ನು ಎತ್ತಿ ಅವರ ಕಾಲಿನ ಹತ್ತಿರ ಚೆಲ್ಲಿದಳು. "ಈಗ ಬಂದ್ ಹೇಳಿರೆ ನಾವ್ ಎಂತ ಮಾಡ್ಕ್? ಹೆಣ್ಣಿನ್ ತಲಿ ಮೇಲೆ ಕಲ್ಲ್ ಹಾಕಿ, ಕಲ್ಲ್ ನಂದೇ ಅಂಬ್ರ್."

ಅವರ ಪಂಚೆಯ ಅಂಚು ಒದ್ದೆಯಾಯಿತು. ಹಿಂದೆ ಸರಿಯಲಿಲ್ಲ. ನಾನು ಬಾಗಿಲ ಒಳಗೆ ನಿಂತಿದ್ದೆ. ನನ್ನ ಕಡೆ ನೋಡಲು ತಲೆ ಎತ್ತಿದರು, ಆಗಲಿಲ್ಲ, ಹೊರಟು ಹೋದರು.

ಅದೇ ವಾರ ಬಸ್ಸು ಹತ್ತಿ ಮುಂಬೈಗೆ ಹೋದರು. ಗಂಡಿನ ಮನೆಯಲ್ಲಿ ಕೂರಿಸಿ ಚಾ ಕೊಟ್ಟು, ಆದದ್ದು ಆಯಿತು ಎಂದು ಕಳಿಸಿದರಂತೆ. ಬಂದವರು ನಮ್ಮ ಜನರ ಸಭೆಯಲ್ಲಿ ಎದ್ದು ನಿಂತು ತಾವು ಮಾಡಿದ್ದನ್ನು ಹೇಳಿದರು, ಇನ್ನು ಬಳಿ ಕೇಳಲು ನನ್ನಲ್ಲಿಗೆ ಬರಬೇಡಿ ಎಂದರು. ಕಾಗದದ ಅಡಿಯ ಹೆಸರು ತೆಗೆದದ್ದೂ ಆಗಲೇ. ಒಳ್ಳೆಯದೇ. ಆದರೆ ಇದ್ಯಾವುದರಿಂದಲೂ ನನ್ನ ಮದುವೆ ಆಗಲಿಲ್ಲ. ಒಮ್ಮೆ ಮದುವೆ ತಪ್ಪಿದ ಹೆಣ್ಣು ಎಂದ ಮೇಲೆ ಬರುವವರು ಹತ್ತು ಪ್ರಶ್ನೆ ಹೆಚ್ಚು ಕೇಳುತ್ತಾರೆ. ಎರಡು ಸಂಬಂಧ ಬಂದು ಹೋಯಿತು. ಅಪ್ಪಯ್ಯನಿಗೆ ಪಾರ್ಶ್ವವಾಯು ಆಯಿತು. ಮೂರನೆಯದು ಬರಲಿಲ್ಲ.

ನಾನು ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತೆ. ಪ್ರೆಸ್ಸಿಗೆ ಜನ ಬೇಕು ಎಂದು ಗೊತ್ತಾದಾಗ ಅಬ್ಬಿ, "ಬೇರೆ ಎಲ್ಲಿಗಾರೂ ಹೋಗ್, ಆ ಮನ್ಶನ್ ಬಾಗ್ಲಿಗ್ ಬೇಡ" ಎಂದಳು. ನಾನು ಅಲ್ಲಿಗೇ ಹೋದೆ. ದೊಡ್ಡ ಮನಸ್ಸಿನಿಂದ ಅಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ದಿನಾ ನನ್ನ ಮುಖ ನೋಡಲಿ ಎಂದು ಹೋದೆ.

ಅವರಿಗೆ ಅದು ಅರ್ಥವಾಗಿತ್ತು. ಎಂತಕ್ಕೆ ಬಂದೆ ಎಂದು ಕೇಳಲಿಲ್ಲ. ಕುರ್ಚಿ ತೋರಿಸಿ, "ಕಿಟ್ಕಿ ಬದಿ ಕೂಕೊ, ಗಾಳಿ ಬತ್ತ್" ಎಂದರು. ಆ ಕುರ್ಚಿ ಅವರ ಮೇಜಿಗೆ ನೇರ ಎದುರು ಇತ್ತು.

ಮೊದಲ ವರ್ಷ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಮದುವೆ ಕಾಗದ ಟೈಪ್ ಮಾಡುವಾಗ ನಾನು ಬೇಕೆಂದೇ ಕೀಲಿಗಳನ್ನು ಗಟ್ಟಿಯಾಗಿ ಕುಟ್ಟುತ್ತಿದ್ದೆ. ಅವರು ಸಹಿಸಿದರು. ಆದರೆ ಹೆಸರಿನ ಹುಚ್ಚು ಹತ್ತಿದವರ ಎದುರು ಕೂತು ಎಷ್ಟು ದಿನ ಕಿವಿ ಮುಚ್ಚಿಕೊಳ್ಳುವುದು? ನನಗೂ ಹತ್ತಿತು.

ಒಮ್ಮೆ ಮೂರು ಜನ ಗಂಡುಮಕ್ಕಳು ತಾಯಿಯ ಉತ್ತರಕ್ರಿಯೆಯ ಕಾಗದಕ್ಕೆ ಬಂದರು. ಸಾವಿತ್ರಿ ಎಂದು ಹಾಕಿ ಎಂದರು. ಪ್ರೆಸ್ಸಿನವರಿಗೆ ಆ ಮುದುಕಿಯ ಪರಿಚಯವಿತ್ತು. "ಅವ್ರ್ ಹೆಸ್ರ್ ತೌಡು ಅಲ್ದಾ?" ಎಂದರು. ಹಿರಿಯ ಮಗನ ಮುಖ ಕೆಂಪಾಯಿತು. "ಅದ್ ಹಾಕುಕ್ ಆತ್ತಾ? ಕಾಗ್ದ ಕಂಡವ್ರ್ ನಗಾಡ್ತ್ರ್" ಎಂದ.

"ನಗಾಡುಕ್ ಎಂತ ಇತ್ತ್?" ಎಂದರು ಪ್ರೆಸ್ಸಿನವರು, ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು. "ನಿಮ್ಮಜ್ಜಿಗೆ ಮೂರ್ ಮಕ್ಳ್ ಹೋಯಿತ್ತ್. ನಾಲ್ಕ್‌ನೇದ್ ಹುಟ್ಟದ್ದೇ ಅಕ್ಕಿ ಕೇರು ಗೆರ್ಸಿಯಂಗೆ ಮನ್ಸಿ, ಪಕ್ಕದ್ ಮನೆಯರಿಗ್ ಒಂದ್ ಮುಷ್ಟಿ ತೌಡಿಗೆ ಮಾರಿ ವಾಪಾಸ್ ತಕಂಡ್ರ್. ತೌಡಿನ್ ಬೆಲಿ ಇಪ್ಪ ಮಗಿನ್ನ ಜವ್ರಾಯ ಮುಟ್ಟುದಿಲ್ಲ ಅಂದೇಳಿ. ಹಾಂಗೆ ಉಳ್ದವ್ರ್ ನಿಮ್ಮ್ ಅಬ್ಬಿ. ಆ ಹೆಸ್ರ್ ಇಲ್ದಿದ್ರೆ ನೀವ್ ಮೂರ್ ಜನ ಈ ಬೆಂಚಿನ್ ಮೇಲ್ ಕೂಕಂತಿದ್ರಿಯಾ?"

ಕಿರಿಯವನಿಗೆ ಇದು ಗೊತ್ತೇ ಇರಲಿಲ್ಲ. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡ. ಕಾಗದದಲ್ಲಿ ತೌಡು ಎಂದೇ ಬಂತು, ದಪ್ಪ ಅಕ್ಷರದಲ್ಲಿ.

ನಮ್ಮವರದ್ದು ಮಾತ್ರ ಅಲ್ಲ, ಎಲ್ಲರ ಹೆಸರೂ ಅವರಿಗೆ ಬೇಕಿತ್ತು. ಬ್ರಹ್ಮಾವರದ ಒಬ್ಬರು ಕ್ರಿಶ್ಚಿಯನ್ ಮಾಸ್ಟರು ಮಗಳ ಮದುವೆ ಕಾಗದಕ್ಕೆ ಬಂದವರು, ತಮ್ಮ ಡಿಸೋಜಾ ಎಂಬ ಹೆಸರು ಯಾವುದೋ ಕಾಲದಲ್ಲಿ ಹಿರಿಯರಿಗೆ ಜ್ಞಾನಸ್ನಾನ ಮಾಡಿಸಿದ ಪಾದ್ರಿಯದ್ದು ಎಂದು ಮನೆಯಲ್ಲಿ ಹೇಳುತ್ತಾರೆ ಎಂದರು. ಬೈಂದೂರಿನ ಕಡೆಯ ಒಬ್ಬರು ಸಾಹೇಬರು, ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತೇವೆ, ಹಾಗಾಗಿ ನಮ್ಮ ಮನೆಯಲ್ಲಿ ಎರಡೇ ಹೆಸರು ಸರದಿಯ ಮೇಲೆ ಓಡಾಡುತ್ತಿವೆ ಎಂದು ನಕ್ಕರು. ದೇವಸ್ಥಾನದ ಊರಿನ ಭಟ್ಟರು ತಮ್ಮ ಮನೆಹೆಸರು ಯಾವುದೋ ಹಳೆಯ ಅಧಿಕಾರದ್ದು ಎಂದರು. ಪ್ರೆಸ್ಸಿನವರು ಎಲ್ಲವನ್ನೂ ಬಾಯಿ ಅರ್ಧ ತೆರೆದು ಕೇಳಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಎಲ್ಲರ ಕತಿಯೂ ಅಷ್ಟೇ ಕಾಣ್. ಯಾರೋ ಕೇಂಡ್ರ್, ಯಾರೋ ಬಾಯಿಗ್ ಬಂದದ್ದ್ ಹೇಳ್ದ್ರ್. ಮತ್ತೆ ಮಕ್ಳ್ ಅದ್ಕೇ ಹೊಡ್ದಾಡ್ಕಂತ್ರ್" ಎಂದರು.

ಕಾಂಚನ್ ಎಂದರೆ ಚಿನ್ನ, ತಿಂಗಳಾಯ ಎಂದರೆ ಚಂದ್ರ ಎಂದು ಯಾರಾದರೂ ಅರ್ಥ ಹೇಳಿದರೆ ಮಾತ್ರ ಒಪ್ಪುತ್ತಿರಲಿಲ್ಲ. "ಇಪ್ಪುಕೂ ಸಾಕ್, ಇಲ್ದೇ ಇಪ್ಪುಕೂ ಸಾಕ್. ಇಟ್ಟವ್ಳ್ ಹೇಳಿ ಹೋಯಿಲ್ಲ" ಎನ್ನುತ್ತಿದ್ದರು. ತಿಳಿಯದ್ದನ್ನು ತಿಳಿಯದು ಎನ್ನುವ ಈ ಗುಣ ಅವರಿಗೆ ಮೊದಲಿನಿಂದ ಇತ್ತೋ, ನನ್ನ ಮದುವೆ ಮುರಿದ ಮೇಲೆ ಬಂತೋ, ನಾನು ಕೇಳಲಿಲ್ಲ.

ಕೇಳಿದ್ದು ಬೇರೆ ಒಂದು. ಮಳೆಗಾಲದ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಇಬ್ಬರೂ ಸುಮ್ಮನೆ ಕೂತಿದ್ದೆವು. ನಾನು ಸೇರಿ ಆರೇಳು ವರ್ಷ ಆಗಿತ್ತು. ಇಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅವತ್ತು ಕೇಳಿಬಿಟ್ಟೆ.

"ಹ್ವಾಯ್, ಒಂದ್ ಕೇಂತೆ. ಬಳಿ ಬೇರೆ ಇತ್ತ್, ಅದ್ಕೆ ತಪ್ಪಾಯ್ತ್ ಅಂತ್ರಿ. ಬಳಿ ಒಂದೇ ಆಯಿದ್ರೆ ನೀವ್ ಮಾಡದ್ದ್ ಸರಿ ಆತಿತ್ತಾ?"

ಅವರು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಮೇಜಿನ ಮೇಲಿಟ್ಟರು.

"ಅದನ್ನೇ ಯೋಚ್ನಿ ಮಾಡ್ತಾ ಇದ್ದೆ ಮಗಾ. ನೀನ್ ಬಂದ್ ಆ ಕುರ್ಚಿಯಂಗೆ ಕೂತ ದಿನದಿಂದ."

"ಎಂತ ಅಂತ ಕಂಡ್ರಿ?"

"ಇನ್ನೂ ಗೊತ್ತಾಯಿಲ್ಲ."

ನನಗೆ ಸಿಟ್ಟು ಬಂತು. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಹೆಸರು ಕೂಡ ಉಳಿಯದ ಒಬ್ಬಳು ಅಜ್ಜಿ ಎಷ್ಟೋ ತಲೆಯ ಹಿಂದೆ ಇದ್ದಳು ಎಂದು ಈಗಿನ ಇಬ್ಬರನ್ನು ಬೇರೆ ಮಾಡುವುದು ನ್ಯಾಯವಲ್ಲ. ಆದರೆ ಅವರು ಅದರೊಳಗೇ ಹುಟ್ಟಿ ಬೆಳೆದವರು. ಸ್ವಂತ ತಂಗಿಯನ್ನು ಮದುವೆಯಾಗು ಎಂದರೆ ಹೇಗೋ ಅವರಿಗೆ ಹಾಗೆ. ಕರೆಂಟ್ ಬಂತು, ನಾನು ಕೆಲಸಕ್ಕೆ ಕೂತೆ.

ನಾಲ್ಕು ವರ್ಷದ ಹಿಂದೆ ಒಬ್ಬಳು ಹುಡುಗಿ, ಒಬ್ಬ ಹುಡುಗ, ಹುಡುಗಿಯ ಸೋದರಮಾವ, ಮೂವರು ಬಂದರು. ಹುಡುಗಿ ಕುಂದಾಪುರದ ಆಸ್ಪತ್ರೆಯಲ್ಲಿ ನರ್ಸು. ಹುಡುಗ ಬ್ರಹ್ಮಾವರದ ಕಡೆಯವನು, ಮಂಜುಗಡ್ಡೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವನು. ತಾವೇ ಮೆಚ್ಚಿ ಮನೆಯವರನ್ನು ಒಪ್ಪಿಸಿದ್ದರು. ಇಬ್ಬರದೂ ಅಪ್ಪನ ಸರ್ನೇಮ್, ಬೇರೆ ಬೇರೆ. ಕಾಗದಕ್ಕೆ ಎಂದು ಬರೆದು ತಂದ ಹಾಳೆಯನ್ನು ಪ್ರೆಸ್ಸಿನವರು ಓದತೊಡಗಿದರು. ಹುಡುಗಿಯ ತಾಯಿಯ ಹೆಸರನ್ನು ಗಟ್ಟಿಯಾಗಿ ಓದಿದರು. ಹುಡುಗನ ತಾಯಿಯ ಹೆಸರಿಗೆ ಬಂದಾಗ ದನಿ ಹೊರಡಲಿಲ್ಲ.

ನನಗೂ ಗೊತ್ತಾಯಿತು. ಇಬ್ಬರ ತಾಯಿ ಕಡೆಯ ಅಜ್ಜಿಯರ ಸಾವಿನ ಕಾಗದ ಟೈಪ್ ಮಾಡಿದವಳು ನಾನೇ, ಕಾಗದ ಬರೆಸುವಾಗ ಬಂದ ಮಾತೆಲ್ಲ ಕೇಳಿದವಳು. ಇಬ್ಬರು ಅಜ್ಜಿಯರೂ ಮೆಂಡನ್ ಬಳಿ. ಈ ಸಲ ಸಂಶಯಕ್ಕೆ ಜಾಗವೇ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಬೆಂಚಿನ ಮೇಲೆ ಕೂತವರು ಅಣ್ಣ ತಂಗಿ.

ಸೋದರಮಾವನಿಗೆ ಎಲ್ಲೋ ಅಳುಕು ಇತ್ತು ಎಂದು ಕಾಣುತ್ತದೆ. "ನೀವೀಗ ಬಳಿ ಹೇಳುದಿಲ್ಲ ಅಂದ್ ಗೊತ್ತಿತ್ತ್" ಎಂದರು. "ಆದ್ರೂ ಹಳಬ್ರ್ ನೀವ್. ಹುಡ್ಗನ ಕಡಿಯವ್ರಿಗೆ ಅವ್ರ್ ಬಳಿಯೇ ಸಮಾ ಗೊತ್ತಿಲ್ಲ. ಎಂತಾರೂ ಅಡ್ಡ ಬತ್ತಾ? ಒಂದ್ ಮಾತ್ ಹೇಳಿ ಸಾಕ್. ನೀವ್ ಅಡ್ಡಿಲ್ಲ ಅಂದ್ರೆ ಮುಗೀತ್."

ಹುಡುಗಿ ಚೂಡಿದಾರದ ವೇಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹುಡುಗ ನೆಲ ನೋಡುತ್ತಿದ್ದ. ನನ್ನ ಕೈ ಕೀಲಿಗಳ ಮೇಲೆಯೇ ನಿಂತಿತ್ತು. ಪ್ರೆಸ್ಸಿನವರು ಒಮ್ಮೆ ಹುಡುಗಿಯನ್ನು ನೋಡಿದರು.

"ಅಡ್ಡ ಇಲ್ಲ" ಎಂದರು. "ಬಳಿ ಬೇರೆ ಬೇರೆ. ಚಂದ ಮಾಡಿ ಮದಿ ಮಾಡಿ."

ಸೋದರಮಾವ ಅವರ ಕೈ ಹಿಡಿದುಕೊಂಡರು. ಎಷ್ಟು ಕಾಗದ, ಯಾವ ಬಣ್ಣ ಎಂದು ಮಾತಾಯಿತು. ಮೊದಲ ಕಾಗದ ಆನೆಗುಡ್ಡೆ ಗಣಪತಿಗೆ ಇಡಲು ಬೇಗ ಬೇಕು ಎಂದರು. ಅವರು ಹೋದ ಮೇಲೆ ಪ್ರೆಸ್ಸಿನವರು ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತರು. ಒಳಗೆ ಬಂದು ನೀರು ಕುಡಿದರು. ನಿಜ ಹೇಳಬೇಕೆಂದರೆ ಆ ಸಂಜೆ ನನಗೆ ಸಂತೋಷವಾಗಲಿಲ್ಲ. ಹೊಟ್ಟೆಕಿಚ್ಚು ಆಯಿತು. ಆ ಹುಡುಗಿಗೆ ಸಿಕ್ಕ ಪ್ರೆಸ್ಸಿನವರು ನನಗೆ ಸಿಕ್ಕಿರಲಿಲ್ಲ.

ಈ ವರ್ಷ ಅವರಿಗೆ ಶ್ವಾಸಕೋಶದ ತೊಂದರೆ ಹೆಚ್ಚಾಯಿತು. ಆಸ್ಪತ್ರೆಗೆ ಸೇರಿಸಿದರು. ನಾನು ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ದಿನ ಅವರ ಮಗಳು ಔಷಧಿ ತರಲು ಕೆಳಗೆ ಹೋಗಿದ್ದಾಗ ನನ್ನನ್ನು ಹತ್ತಿರ ಕರೆದರು. ಮಾತು ಮುರಿದು ಮುರಿದು ಬರುತ್ತಿತ್ತು.

"ಅವತ್ತ್ ಸುಳ್ಳ್ ಹೇಳ್ದೆ. ನಿಂಗ್ ಗೊತ್ತಾಯಿತ್ತ್, ಅಲ್ದಾ?"

"ಗೊತ್ತಾಯಿತ್ತ್."

"ನೀನ್ ಕೇಂಡದ್ದಕ್ಕೆ ಅದೇ ಉತ್ರ. ಬಾಯಂಗೆ ಹೇಳುಕ್ ಬರ್ಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಸರಿ ಮಾಡ್ದೆನಾ?"

ಸಾಯುವವರು ಕೇಳಿದ ಪ್ರಶ್ನೆಗೆ ಸಮಾಧಾನದ ಉತ್ತರ ಕೊಡಬೇಕು ಎಂದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ನಾಲಿಗೆ ಕೇಳಲಿಲ್ಲ.

"ಸರಿಯೇ ಮಾಡಿದ್ರಿ" ಎಂದೆ. "ಅದನ್ನ್ ನಂಗೆ ಮೊದ್ಲ್ ಮಾಡ್ಕಿತ್ತ್."

ಅವರು ತಲೆ ಆಡಿಸಿದರು. ನನ್ನ ಮುಖವನ್ನೇ ನೋಡುತ್ತಿದ್ದರು, ಈ ಸಲ ಕಣ್ಣು ತಗ್ಗಿಸಲಿಲ್ಲ. "ಹೌದ್" ಎಂದರು. ಮಗಳು ಬಂದಳು. ನಾನು ಬುತ್ತಿಯ ಪಾತ್ರೆ ತೊಳೆದುಕೊಂಡು ಮನೆಗೆ ಹೋದೆ. ಮರುದಿನ ಅವರಿಗೆ ಮಾತು ನಿಂತಿತ್ತು, ಮೂರನೇ ದಿನ ಹೋದರು. ಆ ಮಾತನ್ನು ಹೇಳಬಾರದಿತ್ತು ಎಂದು ಅಂದಿನಿಂದ ಅನ್ನಿಸುತ್ತಿದೆ. ಹೇಳದಿದ್ದರೆ ಇನ್ನೂ ಒಳಗೇ ಕೊಳೆಯುತ್ತಿತ್ತು ಎಂದೂ ಅನ್ನಿಸುತ್ತಿದೆ.

ಉತ್ತರಕ್ರಿಯೆಯ ದಿನ ಸಭಾಭವನ ತುಂಬ ಜನ. ಹಿರಿಯರೊಬ್ಬರು ನಾಲ್ಕು ಮಾತಾಡಿದರು. ಎಲ್ಲರಿಗೂ ತಪ್ಪಾಗುತ್ತದೆ, ತಪ್ಪನ್ನು ಸಭೆಯಲ್ಲಿ ನಿಂತು ಒಪ್ಪಿಕೊಂಡವರು ಇವರೊಬ್ಬರೇ, ಜೀವಮಾನದಲ್ಲಿ ತಿಳಿದೂ ತಿಳಿದೂ ಒಂದು ಸುಳ್ಳು ಹೇಳಿದವರಲ್ಲ ಎಂದರು. ಹಾಗೆ ಹೇಳುವಾಗ ಕೆಲವರು ತಿರುಗಿ ನನ್ನನ್ನು ನೋಡಿದರು. ನಾನು ಎದುರಿಗೆ ನೋಡುತ್ತ ಕೂತಿದ್ದೆ.

ಊಟಕ್ಕೆ ಕೂತಾಗ ನನ್ನ ಬಲಗಡೆ ಬಂದು ಕೂತವಳು ಆ ನರ್ಸು ಹುಡುಗಿ. ಗಂಡ ಆಚೆಯ ಸಾಲಿನಲ್ಲಿದ್ದ. ತೊಡೆಯ ಮೇಲೆ ಎರಡೂವರೆ ವರ್ಷದ ಹೆಣ್ಣುಮಗು, ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ಚೆದರಿಸುತ್ತಿತ್ತು. ಅವಳು ನನ್ನನ್ನು 'ಅಕ್ಕ' ಎಂದು ಮಾತಾಡಿಸಿದಳು. ಪ್ರೆಸ್ಸಿನವರು ಅವತ್ತು ಎಷ್ಟು ಪ್ರೀತಿಯಿಂದ ಮಾತಾಡಿದರು, ಅವರ ಒಂದು ಮಾತಿನಿಂದ ಮಾವನ ಮನಸ್ಸು ಹೇಗೆ ಹಗುರಾಯಿತು ಎಂದೆಲ್ಲ ಹೇಳಿದಳು. ಅವಳು ಬೇರೆ ಊರಿನಿಂದ ಬಂದವಳು, ನನ್ನ ಕತೆ ಗೊತ್ತಿಲ್ಲ.

"ಅಕ್ಕಾ, ನಿಮ್ಮನಿಯವ್ರ್ ಬರ್ಲಿಲ್ಯಾ?" ಎಂದು ಕೇಳಿದಳು.

"ನಂಗೆ ಮದಿ ಆಯಿಲ್ಲ."

"ಅಯ್ಯೊ, ಎಂತಕ್ಕೆ ಅಕ್ಕಾ?"

ಎಡಗಡೆ ಕೂತ ನಮ್ಮೂರಿನ ಹೆಂಗಸು ಅನ್ನ ಕಲಸುವುದನ್ನು ನಿಲ್ಲಿಸಿದಳು. ಎದುರು ಸಾಲಿನಲ್ಲಿ ಒಬ್ಬರು ತಲೆ ಎತ್ತಿದರು. ಹದಿನೆಂಟು ವರ್ಷದಿಂದ ಈ ಪ್ರಶ್ನೆಗೆ ನಾನು ಕೊಡುತ್ತ ಬಂದ ಉತ್ತರ ಅವರಿಗೆಲ್ಲ ಬಾಯಿಪಾಠ. ಅದರಲ್ಲಿ ಪ್ರೆಸ್ಸಿನವರ ಹೆಸರು ಬರುತ್ತಿತ್ತು, ಪೂರ್ತಿ ಹೆಸರು, ಸರ್ನೇಮ್ ಸಮೇತ.

ಮಗು ನನ್ನ ಎಲೆಯ ಕಡೆಗೂ ಕೈ ಚಾಚಿತು. ನಾನು ಉಪ್ಪಿನಕಾಯಿಯನ್ನು ಅದಕ್ಕೆ ಎಟುಕದ ಹಾಗೆ ಸರಿಸಿದೆ.

"ಒಂದ್ ಸಂಬಂಧ ಬಂದಿತ್ತ್" ಎಂದೆ. "ನಾನೇ ಒಪ್ಲಿಲ್ಲ."

"ಹೌದಾ?" ಎಂದಳು ಅವಳು. ನಂಬಿದಳು. ಎಡಗಡೆಯವಳು ನನ್ನನ್ನೇ ನೋಡುತ್ತಿದ್ದಳು, ಆಮೇಲೆ ಮತ್ತೆ ಅನ್ನ ಕಲಸತೊಡಗಿದಳು. ಪಾಯಸ ಬಡಿಸುವವರು ಬಂದರು. ಮಗುವಿಗೆ ಬಿಸಿ ತಾಗೀತು ಎಂದು ನಾನು ಅದರ ಕೈ ಹಿಡಿದುಕೊಂಡೆ.